ನಾಲ್ಕು ಗಂಟೆಯ ವಿಮಾನ

ಆ ಪುಟ್ಟ ದ್ವೀಪದೇಶಕ್ಕೆ ಇದ್ದದ್ದು ಒಂದೇ ರನ್‌ವೇ. ಅದಕ್ಕೆ ಅಂಟಿಕೊಂಡೇ ಮಂತ್ರಿಗಳ ಬಂಗಲೆ. ನಾಳೆ ಮೊಮ್ಮಗಳ ಹುಟ್ಟುಹಬ್ಬವಂತೆ, ಸಂಜೆ ನಾಲ್ಕಕ್ಕೆ ಹತ್ತು ಡ್ರೋನ್ ಹಾರಿಸಿ ಹೂ ಸುರಿಸಬೇಕಂತೆ! ಮಂತ್ರಿಗಳೇ ವಿಮಾನ ನಿಲ್ದಾಣದ ಕಚೇರಿಗೆ ಬಂದು ಕೂತಿದ್ದರು; ಅನುಮತಿ ಕೇಳುವವರ ಮಾತೇ ಅದಲ್ಲ, ಬರೀ ಅಪ್ಪಣೆ.

"ನಾಲ್ಕಕ್ಕೇ ವಿಮಾನ ಇಳಿಯುತ್ತೆ ಸಾರ್, ನಲವತ್ತು ಜನ ಇರ್ತಾರೆ" ಎಂದ ನಿಲ್ದಾಣದ ಗುಮಾಸ್ತ.

ಮಂತ್ರಿಗಳು ಮೇಜು ಗುದ್ದಿದರು. "ಹೂವಿನ ಬುಟ್ಟಿಯಷ್ಟಿದೆ ಡ್ರೋನು. ಅಷ್ಟು ದೊಡ್ಡ ವಿಮಾನಕ್ಕೆ ಅದೇನು ಮಾಡೀತು? ನಿನಗೆ ಕೆಲಸ ಬೇಕೋ ಬೇಡವೋ?"

ಗುಮಾಸ್ತ ಅನುಮತಿ ಪತ್ರ ಬರೆದ. ಅದರ ಜೊತೆಗೆ ಎರಡು ಟಿಕೆಟ್ ತರಿಸಿ ಮುಂದಿಟ್ಟ.

"ಇದೇನಯ್ಯಾ?"

"ಅದೇ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಾರ್, ತಮಗೂ ಮೊಮ್ಮಗಳಿಗೂ. ನಾಳೆ ಬೆಳಿಗ್ಗೆ ಪಕ್ಕದ ದ್ವೀಪಕ್ಕೆ ಹೋಗಿ ನಾಲ್ಕಕ್ಕೆ ಬಂದಿಳಿದರೆ, ಹೂಮಳೆ ಹತ್ತಿರದಿಂದಲೇ ಕಾಣುತ್ತೆ."

ಮಂತ್ರಿಗಳು ಟಿಕೆಟ್‌ಗಳನ್ನು ಆಚೆ ತಳ್ಳಿದರು. "ತಲೆ ಕೆಟ್ಟಿದೆಯಾ ನಿನಗೆ? ಆ ಡ್ರೋನು ಇಂಜಿನ್ನಿಗೆ ಬಡಿದರೆ ಮಗುವಿನ ಗತಿ ಏನು?" ಎಂದವರೇ ಅನುಮತಿ ಪತ್ರವನ್ನು ಹರಿದೆಸೆದರು.

ಗುಮಾಸ್ತ ಬಗ್ಗಿ ಚೂರುಗಳನ್ನು ಆರಿಸುತ್ತಾ ಕೇಳಿದ:

"ಆ ನಲವತ್ತು ಜನರ ಮನೇಲಿ ಮೊಮ್ಮಕ್ಕಳಿಲ್ವಾ ಸಾರ್?"