ಕುಂಕುಮದ ತೂಬು

ಹೊಂಗೆಹಳ್ಳಿಯ ಕೆರೆ ಏರಿಯ ಮೇಲೆ ಈಗ ಒಂದು ಹಾರ್ಡ್‌ವೇರ್ ಅಂಗಡಿಯಿದೆ. ಆ ಪದ ಕೇಳಿದರೆ ಪಟ್ಟಣದ ಮಕ್ಕಳಿಗೆ ಕಂಪ್ಯೂಟರ್ ನೆನಪಾಗುತ್ತದೆ. ಇಲ್ಲಿ ಮಾತ್ರ ಅದಕ್ಕೆ ಇಂದಿಗೂ ಮೊಳೆ, ಚಿಲಕ, ಗುದ್ದಲಿ, ಕುಡುಗೋಲು ಎಂಬ ಹಳೆಯ ಅರ್ಥವೇ. ಅಂಗಡಿಯ ಎದುರಿಗೆ ಗದ್ದೆಗೆ ನೀರು ಬಿಡುವ ಕಲ್ಲಿನ ತೂಬಿದೆ. ಅದನ್ನು ಕುಂಕುಮದ ತೂಬು ಎನ್ನುತ್ತಾರೆ.

ಹಿಂದೆ ಒಮ್ಮೆ, ಕೆರೆ ತುಂಬಿದ್ದ ಕಾಲದಲ್ಲಿ, ಆಯುಧಪೂಜೆಯ ದಿನವೇ ತೂಬಿನ ಬಾಯಿ ಮುಚ್ಚುವ ಮರದ ಬಿರಡೆ ಕೊಳೆತು ಒಡೆಯಿತಂತೆ. ವರ್ಷದ ನೀರೆಲ್ಲ ಹಳ್ಳದ ಪಾಲಾಗತೊಡಗಿತು. ಈಜು ಬಲ್ಲವರು ಹೊಸ ಮರದ ಬಿರಡೆ ಹಿಡಿದು ಮುಳುಗಿದರೆ ರಭಸಕ್ಕೆ ಅದೂ ಸೀಳಿಹೋಯಿತು. ಕಬ್ಬಿಣದ ಬಳೆ ತೊಡಿಸದೆ ಅಲ್ಲಿ ಯಾವ ಮರವೂ ನಿಲ್ಲುವಂತಿರಲಿಲ್ಲ. ಆದರೆ ಕಮ್ಮಾರ ಮಾಳಿಂಗಾಚಾರಿ ಬೆಳಿಗ್ಗೆಯೇ ಕುಲುಮೆ ಆರಿಸಿ, ಸುತ್ತಿಗೆ ಇಕ್ಕಳ ತೊಳೆದು, ಕುಂಕುಮವಿಟ್ಟು ಕುಲದೇವತೆ ಕಾಳಮ್ಮನ ಪೂಜೆಗೆ ಕೂರಿಸಿದ್ದ. ಕೂರಿಸಿದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಅವನ ಮನೆತನದಲ್ಲಿ ಯಾರೂ ಮೀರದ ಕಟ್ಟಳೆ ಅದು. ಊರ ಗೌಡ ಓಡಿ ಬಂದು ಅಂಗಳದಲ್ಲಿ ನಿಂತಾಗ ಆಚಾರಿ ತಲೆ ಎತ್ತಲಿಲ್ಲ.

“ಗೌಡ್ರೆ, ಕಾಳಮ್ಮ ಸುತ್ತಿಗೆ ಮೇಲೆ ಕೂತವಳೆ. ಹೆಂಗೆ ಎತ್ಲಿ?”

ಕುಲುಮೆಗೆ ಗಾಳಿಯೂದುವ ತಿದಿ ಒತ್ತುವ ಅವನ ಹೆಂಡತಿ ದ್ಯಾವೀರಮ್ಮ ಬಾಗಿಲಲ್ಲೇ ಇದ್ದಳು. “ಕೂತವಳು ಕೂತೇ ಇರ್ಲಿ. ನೀನು ಎತ್ತು, ಅವಳೂ ಜೊತೆಗೆ ಬತ್ತಾಳೆ. ಅವಳಿಲ್ದೆ ಎಂದಾದ್ರೂ ಬಡಿದಿದ್ದೀಯಾ?” ಎಂದವಳೇ ಒಲೆಯ ಕೆಂಡ ತಂದು ಕುಲುಮೆಗೆ ಸುರಿದಳು.

ಆಚಾರಿ ಸುತ್ತಿಗೆ ಎತ್ತಿ ಮೊದಲ ಪೆಟ್ಟನ್ನು ಮೆಲ್ಲಗೆ ಹಾಕಿದ. ಸುತ್ತಿಗೆಯ ಕುಂಕುಮ ಕಾದ ಕಬ್ಬಿಣದ ಮೇಲೆ ಉದುರಿತು. ಏನಾದೀತೋ ಎಂದು ಉಸಿರು ಹಿಡಿದು ಕಾದ, ಏನೂ ಆಗಲಿಲ್ಲ. ಎರಡನೆಯ ಪೆಟ್ಟು ಗಟ್ಟಿಯಾಗಿ ಬಿತ್ತು. ಆಯುಧಗಳ ಸದ್ದಡಗಿದ್ದ ಊರಿಗೆ ಆ ಟಣಟಣ ಕೇಳಿದ್ದೇ ತಡ, ಪೂಜೆಗಿಟ್ಟಿದ್ದ ನೇಗಿಲ ಗುಳ, ಗುದ್ದಲಿಗಳನ್ನು ಬಳೆಗೆ ಕಬ್ಬಿಣವಾಗಲೆಂದು ಜನ ಕುಂಕುಮದ ಸಮೇತ ಹೊತ್ತು ತಂದರು. ಎಲ್ಲವೂ ಮೆತ್ತಗಾದ ಮೇಣದಂತೆ ಮಣಿದು ಬಳೆಗಳಾದವು. ಸಂಜೆಗೆ ಬಿರಡೆ ಕೂತಿತು. ಹಳ್ಳದ ಭೋರ್ಗರೆತ ತಟ್ಟನೆ ನಿಂತು, ಕಪ್ಪೆಗಳ ದನಿ ಕೇಳಿಸಿತು. ಏರಿಯ ಮೇಲೆ ಕುಸಿದು ಕೂತ ಗಂಡನ ಮಡಿಲಿಗೆ ದ್ಯಾವೀರಮ್ಮ ಪೂಜೆಯ ಕಡಲೆಪುರಿ ಸುರಿದಳು.

“ಬೈದಳಾ ಕಾಳಮ್ಮ?”

“ಇಲ್ಲ ಕಣೆ,” ಎಂದು ಅವನು ಬಾಯ್ತುಂಬ ಪುರಿ ಹಾಕಿಕೊಂಡನಂತೆ.

ಇಂದಿಗೂ ಆಯುಧಪೂಜೆಯಂದು ಆ ವಂಶದವರು ಒಂದು ಪೆಟ್ಟು ಬಡಿದೇ ಸುತ್ತಿಗೆಯನ್ನು ಪೂಜೆಗೆ ಇಡುತ್ತಾರೆ. ತೂಬಿನ ಕಲ್ಲಿನ ಮೇಲೆ ಕೆಂಪು ಕಲೆಯಿದೆ. ನೋಡಲು ಬಂದವರು ಅದು ತುಕ್ಕೋ ಕುಂಕುಮವೋ ಎಂದು ಕೇಳಿದರೆ, ಊರಿನವರು ನೀರು ಹೊರಬೀಳುವ ಕೆಳಗಿನ ಮೋರಿಯನ್ನು ತೋರಿಸುತ್ತಾರೆ. ಬಿರಡೆ ಹಾಕಿದ್ದಾಗ ಅಲ್ಲಿ ಒಂದು ಹನಿಯೂ ಸೋರದೆ ಕಲ್ಲು ಒಣಗಿಯೇ ಇರುತ್ತದೆ.