ಗುಡ್ಡಕ್ಕೆ ತಡಿಕೆ ಹೆಣೆದ ಕೇತವ್ವ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ನನ್ನನ್ನು ಕೇಳಬೇಡಿ, ನನ್ನ ಮುತ್ತಜ್ಜಿಗೂ ಅವಳ ಮುತ್ತಜ್ಜಿ ಹೇಳಿದ್ದಂತೆ. ಕೆಂಪು ಗುಡ್ಡದ ಬುಡಕ್ಕೆ ಹೊಂಗೆಹಾಳು ಅಂತ ಒಂದು ಊರಿತ್ತು. ಗುಡ್ಡದ ಮೇಲೆ ಕುಲುಮೆಯವರ ಕೇರಿ ಇತ್ತು. ಮೇಲಿನಿಂದ ಒಂದು ಹಳ್ಳ ಇಳಿದು ಬಂದು ಊರ ಕೆರೆ ಸೇರುತ್ತಿತ್ತು. ಆ ಹಳ್ಳದ ದಂಡೆಯ ಗುಡಿಸಲಿನಲ್ಲಿ ಮೇದಾರ ಕೇತವ್ವ ಇದ್ದಳಂತೆ.

ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಒಂದು ಆಡು ಸಾಕಿಕೊಂಡು, ಬಿದಿರು ಸೀಳಿ ಬುಟ್ಟಿ ಹೆಣೆದು ಬದುಕುತ್ತಿದ್ದಳು. ಮೇಲಿನವರಿಗೆ ಅದಿರು ಹೊರುವ ಪುಟ್ಟಿ, ಕೆಳಗಿನವರಿಗೆ ಕಾಳು ಕೇರುವ ಮೊರ. ಅವಳ ಪುಟ್ಟಿಯಲ್ಲಿ ನೀರು ಹೊತ್ತರೂ ಸೋರುತ್ತಿರಲಿಲ್ಲ ಅಂತಾರೆ. ಇರಬಹುದು, ನಾನಂತೂ ನೋಡಿಲ್ಲ.

ಕುಲುಮೆಯವರು ಗುಡ್ಡ ಅಗೆಯುತ್ತಿದ್ದರು. ಮರ ಕಡಿದು ಇದ್ದಿಲು ಮಾಡುತ್ತಿದ್ದರು, ಅದಿರು ತೆಗೆದು ಕರಗಿಸಿ ಕಬ್ಬಿಣ ಮಾಡುತ್ತಿದ್ದರು. ಹೊಂಗೆಹಾಳಿನವರ ನೇಗಿಲಿಗೆ ಕುಳ, ಕೈಗೆ ಕುಡುಗೋಲು, ಎಲ್ಲ ಅಲ್ಲಿಂದಲೇ. ಆದರೆ ಅದಿರಿನ ಜೊತೆ ಬಂದ ಹಾಳುಮಣ್ಣನ್ನು ಗುಡ್ಡದ ಅಂಚಿಗೆ ಸುರಿಯುತ್ತಿದ್ದರು. ಮಳೆ ಬಂತೆಂದರೆ ಆ ಮಣ್ಣೆಲ್ಲ ಕೆಳಗೆ. ಹಳ್ಳ ಕೆಂಪಗೆ ಹರಿಯಿತು. ಕೆರೆಯಲ್ಲಿ ಹೂಳು ತುಂಬಿತು. ಹೊಲದ ಮೇಲೆ ಕೆಸರು ಹಾಸಿ, ಬಿಸಿಲಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಯಿತು. ಬಿತ್ತಿದ ಜೋಳದ ಮೊಳಕೆ ಅದನ್ನು ಸೀಳಿ ಮೇಲೆ ಬರಲಾರದೆ ಒಳಗೇ ಕೊಳೆಯಿತು.

ಒಂದು ವರ್ಷ ಕೆಸರು ಕೇತವ್ವನ ಗುಡಿಸಲಿಗೂ ನುಗ್ಗಿತು. ಕಟ್ಟಿಹಾಕಿದ್ದ ಆಡು ಅದರಲ್ಲೇ ಹೂತು ಸತ್ತಿತು. ಮಾರನೆಯ ಬೆಳಗ್ಗೆ ಅವಳು ಆಡನ್ನು ತೋಡಿ ತೆಗೆಯುತ್ತಿದ್ದಾಗ, ಊರಗೌಡ ಹಾಲಪ್ಪ ಜನ ಕಟ್ಟಿಕೊಂಡು ಬಂದ. ಎಲ್ಲರ ಕೈಯಲ್ಲೂ ಕೊಡಲಿ.

ಕೇತವ್ವ ಕೆಸರುಗೈಯಲ್ಲೇ ಎದ್ದು ದಾರಿಗೆ ಅಡ್ಡ ನಿಂತಳಂತೆ.

"ಎಲ್ಲಿಗೆ ಗೌಡ್ರ?"

"ಕುಲುಮೆ ಒಡಿಯಾಕ. ಸರಿ ಆಕಡೆ."

"ಆ ಕೊಡಲಿ ಯಾರು ಬಡಿದಿದ್ದು ನೋಡ್ಕೊಳ್ರಿ. ಕುಲುಮೆ ಒಡದ್ರ ಮುಂದಿನ ವರ್ಷ ನೇಗಿಲಿಗೆ ಏನು ಕಟ್ತೀರಿ? ಒಂದು ಮಳಿಗಾಲ ನನಗ ಬಿಡ್ರಿ. ನಾ ಏನಾರ ಮಾಡ್ತೀನಿ."

"ಬುಟ್ಟಿ ಹೆಣಿಯಾಕಿ ನೀನು, ಹಳ್ಳ ತಡೀತೀಯೇನು?"

"ಹಳ್ಳ ತಡಿಯಾಕ ನಾನ್ಯಾರು? ನೀರು ಹೋಗ್ಲಿ, ಮಣ್ಣು ನಿಲ್ಲಲಿ. ಅಷ್ಟು ಸಾಕು."

ಸತ್ತ ಆಡಿನ ಪಕ್ಕ ನಿಂತು ಹಾಗೆಂದವಳ ಮೇಲೆ ಕೈ ಮಾಡುವುದು ಯಾರಿಗೂ ಆಗಲಿಲ್ಲ. ಗೌಡ ಗೊಣಗುತ್ತ ತಿರುಗಿದ.

ಕೇತವ್ವ ಬೇಸಿಗೆಯೆಲ್ಲ ಕೂತು, ಹಳ್ಳ ಊರಿಗೆ ಇಳಿಯುವ ಜಾಗದಲ್ಲಿ ಬಿದಿರಿನ ಒಂದು ದೊಡ್ಡ ತಡಿಕೆ ಹೆಣೆದು ನಿಲ್ಲಿಸಿದಳು. ಆಳಿನ ಮೇಲೆ ಆಳು ನಿಂತಷ್ಟು ಎತ್ತರ ಅಂತಾರೆ. ನೋಡಿದವರು ಭಲೇ ಅಂದರು. ಮಳೆ ಹಿಡಿಯಿತು. ತಡಿಕೆ ಮೊದಮೊದಲು ನಿಂತಿತು, ಹಿಂದೆ ಕೆಸರು ಏರಿತು, ಏರಿತು, ಕೊನೆಗೆ ಎಲ್ಲ ಒಮ್ಮೆಲೇ ಕಿತ್ತುಕೊಂಡು ಬಂತು. ಗೌಡನ ದನದ ಕೊಟ್ಟಿಗೆ ಕೊಚ್ಚಿಹೋಯಿತು.

ಅವತ್ತಿನಿಂದ ಅವಳ ಹತ್ತಿರ ಯಾರೂ ಮೊರ ಕೊಳ್ಳಲಿಲ್ಲ. ನನ್ನಿಂದಲೇ ಕೇಡು ಹೆಚ್ಚಾಯಿತಲ್ಲ ಅಂತ ಅವಳಿಗೆ ಕೂಳು ಸೇರಲಿಲ್ಲ. ಇನ್ನೂ ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ತಲೆಗೆ ಗೊರಬು ಹಾಕಿಕೊಂಡು, ಈ ನೀರು ಎಲ್ಲಿ ಹುಟ್ಟುತ್ತದೋ ನೋಡಿಯೇಬಿಡುತ್ತೇನೆ ಅಂತ ಹಳ್ಳ ಹಿಡಿದು ಗುಡ್ಡ ಹತ್ತಿದಳಂತೆ.

ಹತ್ತುತ್ತ ಹತ್ತುತ್ತ ಹಳ್ಳ ಕಾಲುವೆಯಾಯಿತು, ಕಾಲುವೆ ಕೊರಕಲಾಯಿತು. ಹಾಳುಮಣ್ಣಿನ ರಾಶಿಯ ಮೇಲೆ ಬಂದಾಗ ನೀರು ಬೆರಳಿನಷ್ಟು ಸಣ್ಣಗೆ ಹರಿಯುತ್ತಿತ್ತು. ಅವಳು ಎರಡು ಕಡ್ಡಿ ಊರಿ, ನಡುವೆ ಹುಲ್ಲು ಸಿಕ್ಕಿಸಿದಳು. ಮಣ್ಣು ನಿಂತಿತು, ನೀರು ಸೋಸಿಕೊಂಡು ಹೋಯಿತು. ಕೆಳಗೆ ಕೋಣನ ಹಾಗೆ ನುಗ್ಗುವುದು ಇಲ್ಲಿ ಎಳೆಗರು. ಹಿಡಿಯುವುದಿದ್ದರೆ ಇಲ್ಲೇ ಹಿಡಿಯಬೇಕು ಅಂದುಕೊಂಡಳು.

ಕುಲುಮೆಯ ಯಜಮಾನ ಕಾಳಾಚಾರಿಯ ಬಳಿ ಹೋಗಿ, ಮಣ್ಣನ್ನು ಅಂಚಿಗೆ ಸುರಿಯಬೇಡಿ, ಅದಿರು ಮುಗಿದ ಹಳೆ ಗುಂಡಿಗೆ ತುಂಬಿ ಅಂತ ಬೇಡಿಕೊಂಡಳು. ಕೊಡಲಿ ಹಿಡಿದು ಹೊರಟವರ ಹೊಲ ಉಳಿಸಲು ನಾನೇಕೆ ಮೈ ಮುರಿಯಲಿ ಅಂತ ಅವನು ಮುಖ ತಿರುಗಿಸಿದ. ಕೇತವ್ವ ಬೈಯಲಿಲ್ಲ. ಮಳೆ ನಿಂತು ಹೊಳವಾದ ಮೇಲೆ ಒಬ್ಬಳೇ ಬಂದು ರಾಶಿಯ ಇಳಿಜಾರಿಗೆ ಅಡ್ಡಲಾಗಿ ಗೂಟ ಊರತೊಡಗಿದಳು. ಲಕ್ಕಿ ಗಿಡದ ಹಸಿ ಗೂಟ, ನಡುವೆ ಅದರದೇ ಸಣ್ಣ ಕಡ್ಡಿಗಳ, ಬರಲಿನ ಹೆಣಿಗೆ, ಮೊಣಕಾಲೆತ್ತರ, ಅಷ್ಟೇ.

ಮೊದಲು ಬಂದವಳು ಕಾಳಾಚಾರಿಯ ಹೆಂಡತಿ ಮೌನಮ್ಮ. ಒಂದು ಪುಟ್ಟಿ ಕಲ್ಲು ಹೊತ್ತು ತಂದು ತಡಿಕೆಯ ಬುಡಕ್ಕೆ ಸುರಿದಳಂತೆ.

"ನಿನ್ನ ಯಜಮಾನ್ರು ಬೈಯಂಗಿಲ್ಲೇನವ್ವಾ?" ಅಂದಳು ಕೇತವ್ವ.

"ಬೈಲಿ ಬಿಡಕ್ಕ. ನಾನೂ ದಿನಾ ಒರತಿಗೆ ಇಳಿದು ಅದೇ ಕೆಂಪು ನೀರು ತರ್ತೀನಿ. ಅವ್ರೂ ಅದನ್ನೇ ಕುಡೀತಾರ."

ಮೌನಮ್ಮನ ಹಿಂದೆ ಕೇರಿಯ ಹೆಂಗಸರು ಬಂದರು. ಹೆಂಗಸರ ಹಿಂದೆ ಗಂಡಸರು ಬಂದರು. ಕೊನೆಗೆ ಕಾಳಾಚಾರಿ ಗಡಾರಿ ಹಿಡಿದು ಬಂದು, ಗೂಟಕ್ಕೆ ಕುಣಿ ಹಾಕತೊಡಗಿದನಂತೆ. ಅಂದಿನಿಂದ ಹಾಳುಮಣ್ಣು ಹಳೆ ಗುಂಡಿಗೆ ಬಿತ್ತು. ಈ ಸುದ್ದಿ ಕೇಳಿ ಹಾಲಪ್ಪಗೌಡನೂ ಒಂದು ಗಾಡಿ ಲಕ್ಕಿ ಬರಲು, ಒಂದು ಗಾಡಿ ಲಾವಂಚದ ಬೇರು ಕಳಿಸಿದ. ಸಾಲಿನ ಕೆಳಗೆ ಸಾಲು, ಗುಡ್ಡದ ಮೈತುಂಬ ತಡಿಕೆ. ನಿಂತ ಮಣ್ಣಿನಲ್ಲೆಲ್ಲ ಲಾವಂಚ.

ಮುಂದಿನ ಮಳೆಗಾಲ ಆಕಾಶವೇ ತೂತು ಬಿದ್ದ ಹಾಗೆ ಸುರಿಯಿತು. ಕೆಲವು ತಡಿಕೆ ಮುರಿದವು. ಊರಿನವರೂ ಕೇರಿಯವರೂ ಮಳೆಯಲ್ಲೇ ನಿಂತು ಮುರಿದದ್ದನ್ನು ಕಟ್ಟಿದರು. ಕೆಳಗೆ ಕೆರೆ ಏರಿಯ ಮೇಲೆ ಹಾಲಪ್ಪಗೌಡ ಕೂತು ಕಾಯುತ್ತಿದ್ದ. ನೀರು ಬಂತು. ಕನ್ನಡಿಯಷ್ಟು ತಿಳಿ ಇತ್ತು ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಆದರೆ ಗೌಡ ಅದರಲ್ಲಿ ಕೈ ಅದ್ದಿದಾಗ ಅವನ ಉಗುರು ಅವನಿಗೆ ಕಾಣಿಸಿತಂತೆ. ಮುದುಕ ಅಲ್ಲೇ ಕೂತು ಗಳಗಳನೆ ಅತ್ತುಬಿಟ್ಟನಂತೆ.

ಆ ವರ್ಷ ಜೋಳ ಎದೆಯೆತ್ತರ ಬಂತು. ಊರಿದ ಲಕ್ಕಿ ಗೂಟಗಳು ಬೇರು ಬಿಟ್ಟು ಚಿಗುರಿದವು. ಸತ್ತ ಗೂಟವೂ ಅವಳ ಕೈ ತಾಗಿದರೆ ಚಿಗುರುತ್ತಿತ್ತು ಅಂತ ಮುಂದೆ ಕತೆ ಕಟ್ಟಿದರು. ನಾಗರಹಾವುಗಳು ಬಂದು ಅವಳ ತಡಿಕೆಗೆ ಹೆಣೆದುಕೊಂಡು ಮಣ್ಣು ಕಾದವು ಅಂತಲೂ ಹೇಳುತ್ತಾರೆ. ಹೇಳಲಿ ಬಿಡಿ. ಮುಪ್ಪಿನಲ್ಲಿ ಅವಳ ಬೆರಳು ಸೆಟೆದು ಬಿದಿರು ಹಿಡಿಯಲಾರದಾದಾಗ, ಊರಿನ, ಕೇರಿಯ ಮನೆಗಳಿಂದ ಸರದಿಯ ಮೇಲೆ ಅವಳಿಗೆ ರೊಟ್ಟಿ ಬರುತ್ತಿತ್ತು ಅನ್ನುವುದು ಮಾತ್ರ ನಿಜ. ಸತ್ತ ಮೇಲೆ ಅವಳನ್ನು ಗುಡ್ಡದ ಇಳಿಜಾರಿನಲ್ಲೇ ಮಣ್ಣು ಮಾಡಿದರು. ಕಲ್ಲು ನೆಡಲಿಲ್ಲ, ಗುಡಿ ಕಟ್ಟಲಿಲ್ಲ.

ಆದರೆ ಇವತ್ತಿಗೂ ಈ ಸೀಮೆಯಲ್ಲಿ ಯಾರೇ ಮನೆಗೆ ಪಾಯ ತೆಗೆಯಲಿ, ಬಾವಿ ತೋಡಲಿ, ರಸ್ತೆಗೆ ಗುಡ್ಡ ಕಡಿಯಲಿ, ಮೊದಲ ಗುದ್ದಲಿ ಬೀಳುವ ಮುಂಚೆ ಇಳಿಜಾರಿನ ಕಡೆ ಒಂದು ಸಾಲು ತಡಿಕೆ ಕಟ್ಟುತ್ತಾರೆ. ಅದನ್ನು ಅಗೆಯುವವನೊಬ್ಬನೇ ಕಟ್ಟುವಂತಿಲ್ಲ. ಅವನ ಕೆಳಗಿನ ಮನೆಯವನೂ ಬಂದು ಒಂದು ಬರಲು ಹೆಣೆಯಬೇಕು. ಜಗಳವಾಡಿ ಮಾತು ಬಿಟ್ಟವರೂ ಅವತ್ತು ಬರುತ್ತಾರೆ. ಕಟ್ಟಿ ಮುಗಿದ ಮೇಲೆ ಕೆಳಗಿನವನು ಎದ್ದು ಕೈ ಒರೆಸಿಕೊಂಡು, "ಹ್ಞೂಂ, ಇನ್ನ ಅಗೀರಪ್ಪಾ" ಅನ್ನಬೇಕು. ಅವನು ಅಂದ ಮೇಲೇ ಗುದ್ದಲಿ.