ಬೆಕ್ಕು ನವಣೆ ಗಂಜಿ ಬಿಟ್ಟದ್ದು ಯಾಕೆ

ಆಗಿನ್ನೂ ಜಗತ್ತು ಹೊಸದು. ಬೆಟ್ಟಗಳ ಮೈ ಇನ್ನೂ ಮೆತ್ತಗಿತ್ತು. ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗೆ ಈಗಷ್ಟೇ ಗೊತ್ತಾಗಿತ್ತು. ಗಾಳಿ ಎಲ್ಲರ ಮನೆಗೂ ಬಂದು, ಕೂತು, ಮಾತಾಡಿ ಹೋಗುತ್ತಿತ್ತು.

ಆ ಕಾಲದಲ್ಲಿ ಬೆಕ್ಕು ಏನು ಹಾಕಿದರೂ ತಿನ್ನುತ್ತಿತ್ತು. ನವಣೆ ಗಂಜಿ ತಿನ್ನುತ್ತಿತ್ತು, ಜೋಳದ ನುಚ್ಚು ತಿನ್ನುತ್ತಿತ್ತು, ರೊಟ್ಟಿಯ ಸುಟ್ಟ ಅಂಚನ್ನೂ ತಿನ್ನುತ್ತಿತ್ತು. ಮೂಸಿ ನೋಡುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಹೊಳೆಯ ದಂಡೆಯಲ್ಲಿ ತಂಗೆವ್ವ ಎಂಬ ಹೆಂಗಸಿದ್ದಳು. ಅವಳಿಗೊಂದು ಗುಡಿಸಲು, ಒಂದು ತುಂಡು ನವಣೆ ಹೊಲ, ಇಬ್ಬರು ಪುಟ್ಟ ಮಕ್ಕಳು. ಒಂದು ಸಂಜೆ ಬೆಕ್ಕೊಂದು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಅವಳ ಬಾಗಿಲಲ್ಲಿ ಇಳಿಸಿತು.

"ಕಾಡಲ್ಲಿ ತುಂಬ ಚಳಿ. ನಿನ್ನ ಒಲೆ ಪಕ್ಕ ಜಾಗ ಇದೆಯಾ?" ಅಂತ ಕೇಳಿತು.

"ಇದೆ, ಬಾ. ನಾವು ಉಣ್ಣೋದನ್ನೇ ನೀನೂ ಉಣ್ಣು," ಅಂದಳು ತಂಗೆವ್ವ.

"ನೀನು ಹಾಕಿದ್ದು ಉಣ್ತೀನಿ," ಅಂದಿತು ಬೆಕ್ಕು.

ಹಾಗೆ ಅವರು ಒಟ್ಟಿಗೆ ಬಾಳಿದರು. ಬೆಕ್ಕು ಇಲಿಗಳನ್ನು ಕಾಳಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಬೂದು ಬಣ್ಣದ ಮರಿ ತಂಗೆವ್ವನ ಮಕ್ಕಳ ಮಡಿಲಲ್ಲೇ ಮಲಗುತ್ತಿತ್ತು. ತಂಗೆವ್ವ ಹಾಕುತ್ತಿದ್ದಳು. ಬೆಕ್ಕು ನಂಬಿ ತಿನ್ನುತ್ತಿತ್ತು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕಾಳು ತುಂಬಿದ್ದ ಮಣ್ಣಿನ ವಾಡೆಯ ತಳಕ್ಕೆ ನೀರಿಳಿಯಿತು. ತಂಗೆವ್ವ ಮುಚ್ಚಳ ತೆಗೆದು ನೋಡಿದಾಗ ಮೇಲಿನ ನವಣೆ ಒಣಗಿ ಹೊಂಬಣ್ಣಕ್ಕಿತ್ತು. ತಳದ್ದು ಕಪ್ಪಗೆ ಗಂಟುಗಟ್ಟಿತ್ತು.

ಮೇಲಿನದನ್ನು ಅವಳು ಮಕ್ಕಳಿಗೆಂದು ಗಡಿಗೆಯಲ್ಲಿ ತೆಗೆದಿಟ್ಟಳು. ತಳದ ಕಾಳನ್ನು ಕೈಯಲ್ಲಿ ಹಿಡಿದು ನಿಂತಳು. ತಾನೇ ಬಿತ್ತಿ, ತಾನೇ ಕೊಯ್ದ ಕಾಳು. ಚೆಲ್ಲಲು ಮನಸ್ಸು ಬರಲಿಲ್ಲ.

ಗಾಳಿ ಕಿಟಕಿಯಿಂದ ಒಳಗೆ ಬಂತು. "ತಂಗೆವ್ವ, ಅದು ಕೆಟ್ಟಿದೆ. ಚೆಲ್ಲಿಬಿಡು."

"ಗೊತ್ತು. ಚೆನ್ನಾಗಿ ಕುದಿಸ್ತೀನಿ. ಬೆಕ್ಕಿಗೆ ತಾನೆ."

ಗಾಳಿ ಬಂದ ದಾರಿಯಲ್ಲೇ ಹೊರಟುಹೋಯಿತು.

ತಂಗೆವ್ವ ಗಂಜಿ ಕಾಯಿಸಿ ಬಟ್ಟಲಿಗೆ ಹಾಕಿ ಅಂಗಳದಲ್ಲಿಟ್ಟಳು. ಬೆಕ್ಕು ಎಂದಿನಂತೆ ಒಮ್ಮೆ ಅವಳ ಮುಖ ನೋಡಿತು. ಅವಳು ಒಲೆಯ ಕಡೆ ತಿರುಗಿದಳು. ಬೆಕ್ಕು ನಂಬಿತು, ತಿಂದಿತು. ಮರಿಯೂ ಬಂದು ಬಟ್ಟಲಿಗೆ ಮುಖ ಇಟ್ಟಿತು.

ಬೆಳಿಗ್ಗೆ ಮರಿ ಏಳಲಿಲ್ಲ.

ಬೆಕ್ಕಿಗೂ ಎದ್ದು ನಿಲ್ಲಲಾಗುತ್ತಿರಲಿಲ್ಲ. ಆದರೂ ಅದು ಮರಿಯ ಪಕ್ಕ ಕೂತು ಮೈಯೆಲ್ಲ ನೆಕ್ಕಿತು. ಎಷ್ಟು ನೆಕ್ಕಿದರೂ ಮರಿಯ ಮೈ ಬೆಚ್ಚಗಾಗಲಿಲ್ಲ. ಕೊನೆಗೆ ಬೆಕ್ಕು ಅಂಗಳದ ಮೂಲೆಯಲ್ಲಿ ಮಣ್ಣು ಕೆರೆದು ಮರಿಯನ್ನು ಮುಚ್ಚಿತು. ಆಮೇಲೆ ಬಟ್ಟಲ ಬಳಿಗೆ ಬಂದು, ಉಳಿದ ಗಂಜಿಯ ಮೇಲೂ ಮಣ್ಣು ಕೆರೆಯಿತು.

ತಂಗೆವ್ವ ಬಾಗಿಲಲ್ಲಿ ನಿಂತಿದ್ದಳು.

"ನಿನಗೆ ಗೊತ್ತಿತ್ತಾ?" ಅಂತ ಬೆಕ್ಕು ಕೇಳಿತು.

ಗೊತ್ತಿರಲಿಲ್ಲ ಅನ್ನಬಹುದಿತ್ತು. ಅವಳ ಬಾಯಿಗೆ ಆ ಮಾತು ಬರಲಿಲ್ಲ. "ಗೊತ್ತಿತ್ತು. ಇಷ್ಟಾಗುತ್ತೆ ಅಂತ ಅಂದುಕೊಳ್ಳಲಿಲ್ಲ. ಒಳ್ಳೇದನ್ನ ನನ್ನ ಮಕ್ಕಳಿಗೆ ತೆಗೆದಿಟ್ಟೆ."

"ಇದೂ ಮಗುನೇ," ಅಂದಿತು ಬೆಕ್ಕು. ಹೇಳಿ, ಗೋಡೆಯಾಚೆ ಹೋಗಿ ಕೂತಿತು.

ತಂಗೆವ್ವ ಗಡಿಗೆಯ ಒಳ್ಳೆಯ ನವಣೆ ತೆಗೆದು ಗಂಜಿ ಮಾಡಿಕೊಟ್ಟಳು. ಬೆಕ್ಕು ಮುಖ ತಿರುಗಿಸಿತು. ರೊಟ್ಟಿ ಕೊಟ್ಟಳು, ಮುಖ ತಿರುಗಿಸಿತು. ಮಕ್ಕಳು ತಮ್ಮ ಪಾಲಿನ ನುಚ್ಚು ತಂದಿಟ್ಟರು, ಅದಕ್ಕೂ ಮುಖ ತಿರುಗಿಸಿತು.

"ನನಗೆ ಕಾಳು ಬೇಡ," ಅಂದಿತು.

ಬೆಕ್ಕಿನ ಪಕ್ಕೆಲುಬು ಕಾಣತೊಡಗಿದವು. ತಂಗೆವ್ವನಿಗೂ ಅನ್ನ ಸೇರಲಿಲ್ಲ. ಅವಳು ಹೊಳೆಗೆ ಹೋದಳು.

"ಒಂದು ಮೀನು ಕೊಡು," ಅಂದಳು.

"ನೀನು ಮೀನು ತಿನ್ನೋಳಲ್ಲವಲ್ಲ," ಅಂದಿತು ಹೊಳೆ.

"ಬೆಕ್ಕಿಗೆ."

ಹೊಳೆ ಸುದ್ದಿ ಕೇಳಿತ್ತು. "ಮೀನು ಕೊಡ್ತೀನಿ ತಂಗೆವ್ವ. ಮರಿ ಕೊಡೋದು ನನ್ನಿಂದಾಗಲ್ಲ," ಅಂದಿತು.

ತಂಗೆವ್ವ ಮೀನು ಬೇಯಿಸಿ ಮುಳ್ಳು ಬಿಡಿಸಿದಳು. ಬಟ್ಟಲಲ್ಲಿ ಅದು ತೀರ ಕಡಿಮೆ ಕಂಡಿತು. ಹೊಟ್ಟೆ ತುಂಬಲಿ ಅಂತ, ರೂಢಿಯ ಕೈ, ಒಂದಿಷ್ಟು ನವಣೆ ಅನ್ನ ಕಲಸಿಬಿಟ್ಟಳು.

ಅವಳು ಬಟ್ಟಲಿಟ್ಟ ಕೂಡಲೇ ಗಾಳಿ ಗೋಡೆ ದಾಟಿ ಬಂತು. ಈ ಸಲ ಅದು ತಂಗೆವ್ವನ ಹತ್ತಿರ ಹೋಗಲಿಲ್ಲ. ಬಟ್ಟಲನ್ನು ಸವರಿಕೊಂಡು ನೇರ ಬೆಕ್ಕಿನ ಮೂಗಿನ ಬಳಿ ನಿಂತಿತು.

"ಅವತ್ತು ಅಡುಗೆ ಮಾಡೋಳಿಗೆ ಹೇಳಿದೆ, ಉಣ್ಣೋ ನಿನಗೆ ಹೇಳಲಿಲ್ಲ. ನನ್ನದೂ ತಪ್ಪೇ. ಇನ್ಮೇಲೆ ಮೊದಲು ನಿನಗೇ ಹೇಳ್ತೀನಿ," ಅಂದಿತು.

ಬೆಕ್ಕು ಮೊದಲ ಸಲ ಮೂಸಿತು.

"ಇದರಲ್ಲಿ ನವಣೆ ಇದೆ," ಅಂದಿತು. ಬಟ್ಟಲ ಸುತ್ತ ಮೆಲ್ಲಗೆ ನೆಲ ಕೆರೆಯತೊಡಗಿತು, ಆ ಬೆಳಿಗ್ಗೆ ಕೆರೆದ ಹಾಗೆಯೇ.

ತಂಗೆವ್ವನಿಗೆ ನೋಡಲಾಗಲಿಲ್ಲ. ಬಟ್ಟಲು ಎತ್ತಿಕೊಂಡಳು, ಮಣ್ಣು ಹಾಕಿ ಉಜ್ಜಿ ತೊಳೆದಳು, ಮತ್ತೆ ಹೊಳೆಗೆ ಹೋದಳು. ಹೊಸ ಮೀನು ತಂದಳು. ಬರೀ ಮೀನು, ಬೇರೇನೂ ಇಲ್ಲ. ಅದನ್ನಿಟ್ಟು ಅಲ್ಲೇ ಕೂತಳು.

ಬೆಕ್ಕು ಮೂಸಿತು. ತಲೆಯೆತ್ತಿ ಅವಳ ಮುಖ ನೋಡಿತು. ತಂಗೆವ್ವನ ಕಣ್ಣು ತುಂಬಿದ್ದವು, ಆದರೆ ಅವಳು ಬೇರೆ ಕಡೆ ತಿರುಗಲಿಲ್ಲ. ಬೆಕ್ಕು ಅರ್ಧ ತಿಂದು ಬಾಯಿ ಒರೆಸಿಕೊಂಡಿತು.

"ಒಳಗೆ ಬರ್ತೀಯಾ?" ಅಂತ ಅವಳು ಕೇಳಿದಳು.

"ಬರ್ತೀನಿ. ಸಿಟ್ಟಿಲ್ಲ ನನಗೆ. ಆದರೆ ಮೊದಲಿನ ಹಾಗೆ ಕಣ್ಣು ಮುಚ್ಚಿ ಉಣ್ಣೋದು ಇನ್ನು ಆಗಲ್ಲ."

ಆಮೇಲೆ ತಂಗೆವ್ವ ದಿನಾ ತಾಜಾ ಮೀನು ಆರಿಸಿ ತಂದಳು. ಮಕ್ಕಳು ದೊಡ್ಡವರಾದರು, ಅವಳ ಕೂದಲು ನೆರೆಯಿತು. ಬೆಕ್ಕು ಒಂದು ದಿನ ತಿನ್ನುತ್ತಿತ್ತು, ಒಂದು ದಿನ ನೆಲ ಕೆರೆದು ಎದ್ದು ಹೋಗುತ್ತಿತ್ತು. ತಂಗೆವ್ವ ಒಮ್ಮೆಯೂ ಗದರಲಿಲ್ಲ. ಬಟ್ಟಲು ತೊಳೆದು ಮತ್ತೆ ಹೊಳೆಯ ಕಡೆ ನಡೆಯುತ್ತಿದ್ದಳು.

ಅದಕ್ಕೇ ಕಂದಾ, ನಿನ್ನ ಬೆಕ್ಕು ನೀನು ಎಷ್ಟೇ ಪ್ರೀತಿಯಿಂದ ಇಟ್ಟರೂ ಮೊದಲು ಮೂಸುತ್ತದೆ, ನಿನ್ನ ಮುಖ ನೋಡುತ್ತದೆ, ಒಂದೊಂದು ಸಲ ಬಟ್ಟಲ ಸುತ್ತ ಬರಿ ನೆಲವನ್ನೇ ಕೆರೆದು, ಉಣ್ಣದೆ ಎದ್ದು ಹೋಗುತ್ತದೆ.